ಎಡಕ್ಕೊಬ್ಬಳು, ಬಲಕ್ಕೊಬ್ಬಳು

ಮೈದಾನದ ಗೇಟಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಸಂಜೆ ನಾಲ್ಕಕ್ಕೆ ತೆಗೆಯುತ್ತೇನೆ, ಐದೂವರೆಗೆ ಹಾಕುತ್ತೇನೆ, ಹನೂರಿನ ಬಸ್ಸು ಹಿಡಿದು ಅಲ್ಲಿಂದ ಕೊಳ್ಳೇಗಾಲದ ಮನೆಗೆ ಬರುತ್ತೇನೆ. ಸುತ್ತ ಕಾಂಪೌಂಡು, ಒಳಗೆ ಎರಡು ತುದಿಗೂ ಎತ್ತರದ ಜೋಡಿ ಕಂಬಗಳು, ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಕೋಣೆ, ನೀರು ಬರುವ ಶೌಚಾಲಯ, ಗಾಲಿಕುರ್ಚಿಗೆಂದು ಇಳಿಜಾರು, ಅದರ ಪಕ್ಕ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ. ರಗ್ಬಿಗೆ ಇಂಥ ಜಾಗ ಈ ಕಡೆ ಬೇರೆಲ್ಲೂ ಇಲ್ಲ ಅನ್ನುತ್ತಾರೆ. ಇರಲಿಕ್ಕಿಲ್ಲ. ಸರ್ಕಾರದ ಅನುದಾನಕ್ಕೆ ಅರ್ಜಿ ಬರೆದವಳು ನಾನೇ. ಅದನ್ನು ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ಕೊರಗಿಕೊಂಡು ಹೇಳುತ್ತಿರುವ ಮಾತಲ್ಲ ಇದು. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗಿರುತ್ತದಲ್ಲ, ಹಾಗೆ.

ನಾನು ಲೊಕ್ಕನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಊರವರ ಬಾಯಲ್ಲಿ ಪಿಟಿ ಮೇಡಮ್ಮು. ರಗ್ಬಿ ನನಗೆ ತಿಳಿದ ಆಟವೇನಲ್ಲ. ಇಲಾಖೆಯ ತರಬೇತಿಯೊಂದಕ್ಕೆ ಯಾರೂ ಹೋಗಲು ಒಪ್ಪದಿದ್ದಾಗ ನನ್ನನ್ನು ತಳ್ಳಿದರು. ಆರು ದಿನ ಬಿಸಿಲಲ್ಲಿ ಓಡಿಸಿ, ಎರಡು ಚೆಂಡು ಕೊಟ್ಟು ಕಳಿಸಿದರು. ಆ ಚೆಂಡನ್ನು ಶಾಲೆಯ ಮಕ್ಕಳು ಮೊದಲ ದಿನವೇ ಪರಂಗಿಕಾಯಿ ಎಂದರು, ಇವತ್ತಿಗೂ ಹಾಗೇ ಅನ್ನುತ್ತಾರೆ. ಗಂಡುಮಕ್ಕಳು ಅದನ್ನು ಎರಡು ಸಲ ಒದ್ದು, ಎತ್ತೆತ್ತಲೋ ಪುಟಿಯುತ್ತದೆ ಎಂದು ಬೇಸತ್ತು ಕ್ರಿಕೆಟ್ಟಿಗೆ ಹೋದರು. ಹೆಣ್ಣುಮಕ್ಕಳು ಉಳಿದರು. ಅವರಿಗೆ ಆಡಲು ಬೇರೆ ಯಾವ ಚೆಂಡೂ ಸಿಗುತ್ತಿರಲಿಲ್ಲ ಅನ್ನುವುದು ನಿಜವಾದ ಕಾರಣ.

ಆಗ ಮೈದಾನ ಎಂದರೆ ಶಾಲೆಯ ಹಿಂದಿನ ಪಾಳು ಬಯಲು. ಪ್ರಾರ್ಥನೆಗೆ ಮುಂಚೆ ಒಬ್ಬೊಬ್ಬಳು ಒಂದು ಮಡಿಲು ಕಲ್ಲು ಆರಿಸಿ ಬೇಲಿಯಾಚೆ ಸುರಿಯಬೇಕು ಎಂದು ನಾನೇ ನಿಯಮ ಮಾಡಿದ್ದೆ. ಎಷ್ಟು ಆರಿಸಿದರೂ ಮಳೆ ಬಂದ ಮಾರನೇ ದಿನ ಹೊಸ ಕಲ್ಲು ತಲೆ ಎತ್ತಿರುತ್ತಿತ್ತು. ಮಂಡಿ ತರಚಿಸಿಕೊಳ್ಳದ ಹುಡುಗಿ ಒಬ್ಬಳೂ ಇರಲಿಲ್ಲ. ಅಲ್ಲಿ ನಾನು ಬಹಳ ಸಂತೋಷವಾಗಿದ್ದೆ.

ಆ ಹುಡುಗಿ ಎಂಟನೇ ತರಗತಿಗೆ ಬಂದು ಸೇರಿದಳು. ಕಾಡಿನಂಚಿನ ಒಂದು ಸಣ್ಣ ಊರಿನವಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಇರಲಿಲ್ಲ. ಇದು ನನಗೆ ತಿಳಿದದ್ದು ಅವಳು ಬಂದ ಎರಡನೇ ವಾರದಲ್ಲಿ. ನಗೆಪಾಟಲಿನ ವಿಷಯ, ಆದರೆ ಸತ್ಯ. ಅವಳ ಜೊತೆ ಅದೇ ಊರಿನ ಇಬ್ಬರು ಹುಡುಗಿಯರು ಬರುತ್ತಿದ್ದರು. ಒಬ್ಬಳು ಸದಾ ಅವಳ ಎಡಕ್ಕೆ, ಇನ್ನೊಬ್ಬಳು ಸದಾ ಬಲಕ್ಕೆ. ನಾನು ಸೀಟಿ ಊದಿದರೆ ಮೂವರೂ ಒಟ್ಟಿಗೇ ತಿರುಗುತ್ತಿದ್ದರು. ನಾನು ಕಂಡುಹಿಡಿಯುವುದಾದರೂ ಹೇಗೆ?

ಅವರು ಶಾಲೆಗೆ ಬರುವ ದಾರಿಯಲ್ಲಿ ಅರ್ಧ ಭಾಗ ಕಾಡಿನ ಅಂಚು. ಆನೆ ದಾಟುವ ಜಾಗ. ಆನೆ ಹತ್ತಿರವಿದ್ದರೆ ಮುರಿಯುವ ಕೊಂಬೆಯ ಸದ್ದು ಉಳಿದವರಿಗೆ ಕೇಳುತ್ತದೆ, ಇವಳಿಗೆ ಕೇಳುವುದಿಲ್ಲ. ಹಾಗಾಗಿ ಆ ಊರಿನ ಮಕ್ಕಳು ಅವಳನ್ನು ನಡುವೆ ಬಿಟ್ಟುಕೊಂಡೇ ನಡೆಯುತ್ತಿದ್ದರು. ಅಂಗನವಾಡಿಯ ಕಾಲದಿಂದಲೂ ಹೀಗೇ. ಹೊಲ ಕಾಯಲು ಹೋದರೂ ಹೀಗೇ. ಇದನ್ನು ಯಾರು ಹೇಳಿಕೊಟ್ಟರು ಎಂದು ಒಮ್ಮೆ ಕೇಳಿದೆ. ಎಡಗಡೆಯವಳು, ಇದೇನು ಇಂಥದ್ದು ಕೇಳುತ್ತಾರೆ ಎಂಬಂತೆ ನನ್ನ ಮುಖ ನೋಡಿದಳು.

"ಯಾರೂ ಏಳ್ಕೊಟ್ಟಿಲ್ಲ ಮೇಡಂ. ಮೊಣಕೈ ಒಂದ್ಸಲ ಅದುಮುದ್ರೆ ಬಸ್ಸು, ಇಲ್ಲ ಯಾರಾದ್ರೂ ಕರೀತಾವ್ರೆ ಅಂತ. ಎಲ್ಡ್ ಸಲ ಅದುಮುದ್ರೆ ಆನೆ."

"ಆನೆ ಅಂತ ಗೊತ್ತಾದ ಮೇಲೆ ಏನು ಮಾಡ್ತೀರಿ?"

"ತಿರುಗ್ ನೋಡ್ಬಾರ್ದು ಮೇಡಂ. ಓಡ್ಬಾರ್ದು. ಬಿರ್ಬಿರ್ನೆ ನಡ್ಕ ಓಗ್ತಾ ಇರ್ಬೇಕು."

ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಹಿಡಿದುಕೊಂಡು ಮುಂದೆ ಓಡಬೇಕು, ಎದುರಾಳಿ ತಬ್ಬಿ ಕೆಡವುವ ಮುಂಚೆ ಪಕ್ಕಕ್ಕೋ ಹಿಂದಕ್ಕೋ ತನ್ನವರಿಗೆ ಕೊಡಬೇಕು. ಬೇರೆ ತಂಡದವರಲ್ಲಿ ಹಿಂದೆ ಬರುವವರು ಕೂಗಿ ಹೇಳುತ್ತಾರೆ, ಇಲ್ಲಿದ್ದೀನಿ, ಕೊಡು ಎಂದು. ನಮ್ಮ ಹುಡುಗಿಗೆ ಕೂಗು ಕೇಳುವುದಿಲ್ಲ. ಆದರೆ ಅವಳಿಗೆ ಕೂಗು ಬೇಕಾಗಿರಲಿಲ್ಲ. ಎಡಕ್ಕೆ ಎರಡು ಹೆಜ್ಜೆ ಹಿಂದೆ ಒಬ್ಬಳು, ಬಲಕ್ಕೆ ಎರಡು ಹೆಜ್ಜೆ ಹಿಂದೆ ಒಬ್ಬಳು ಇದ್ದೇ ಇರುತ್ತಾರೆಂದು ಅವಳಿಗೆ ಗೊತ್ತಿತ್ತು. ತಿರುಗಿ ನೋಡದೆ ಚೆಂಡು ಬಿಡುತ್ತಿದ್ದಳು. ಅದು ಹೋಗಿ ಕೈ ಸೇರುತ್ತಿತ್ತು. ಏಳು ಜನರ ತಂಡದಲ್ಲಿ ಉಳಿದ ನಾಲ್ವರೂ ಇವರನ್ನು ನೋಡಿ ಹಾಗೇ ಕಲಿತರು. ಆರು ದಿನದ ತರಬೇತಿಯಲ್ಲಿ ನನಗೆ ಹತ್ತದಿದ್ದ ವಿದ್ಯೆಯನ್ನು ಈ ಮೂವರು ಶಾಲೆಯ ದಾರಿಯಲ್ಲೇ ಕಲಿತುಕೊಂಡು ಬಂದಿದ್ದರು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಒಮ್ಮೆ ಯಳಂದೂರಿಗೆ ಆಡಲು ಹೋದೆವು. ಬಯಲು ಸೀಮೆಯ, ನೀರಾವರಿ ಕಡೆಯ ಮಕ್ಕಳು. ಒಂದೇ ಬಣ್ಣದ ಶೂ, ಎರಡು ಜಡೆಗೂ ಒಂದೇ ಬಣ್ಣದ ರಿಬ್ಬನ್ನು. ನಮ್ಮವರಲ್ಲಿ ಮೂವರು ಬರಿಗಾಲು. ಅಲ್ಲಿಂದ ನೋಡಿದರೆ ಬಿಳಿಗಿರಿರಂಗನ ಬೆಟ್ಟ ಕಾಣುತ್ತದೆ, ನಮ್ಮ ಹುಡುಗಿಯರು ಅದನ್ನು ಆ ಮಗ್ಗುಲಿನಿಂದ ನೋಡಿರಲಿಲ್ಲ, ಆಟಕ್ಕಿಂತ ಅದೇ ಅವರಿಗೆ ದೊಡ್ಡ ವಿಷಯವಾಗಿತ್ತು. ಆಟ ಶುರುವಾದ ಮೇಲೆ ಆ ತಂಡದವರು ಕೂಗುತ್ತಲೇ ಇದ್ದರು, ನಮ್ಮವರು ತುಟಿ ಬಿಚ್ಚಲಿಲ್ಲ. ಗೆದ್ದೆವು. ಅಲ್ಲಿನ ಶಿಕ್ಷಕಿ ಟೀ ಕೊಡುತ್ತಾ, "ಏನ್ ಮೇಡಂ, ನಿಮ್ ಮಕ್ಳು ಬಾಯೇ ಬಿಡಲ್ವಲ್ಲ, ಹೊಡೀತೀರಾ ಹೆಂಗೆ?" ಎಂದು ನಕ್ಕರು. ನಾನೂ ನಕ್ಕೆ. ನಮ್ಮಲ್ಲಿ ಒಬ್ಬಳಿಗೆ ಕಿವಿ ಕೇಳುವುದಿಲ್ಲ ಎಂದು ಹೇಳಬೇಕೆಂದು ನನಗೆ ತೋಚಲೇ ಇಲ್ಲ. ಎಷ್ಟು ಚೆನ್ನಾಗಿ ಮರೆತಿದ್ದೆ ಅಂತ ಈಗ ಅನ್ನಿಸುತ್ತದೆ.

ಅವಳ ಒಂಬತ್ತನೇ ತರಗತಿ ಮುಗಿಯುತ್ತಾ ಬಂದಾಗ ಅನುದಾನದ ಸುತ್ತೋಲೆ ಬಂತು. ಊರ ಜನರೂ ಶಾಲೆಯ ಮಕ್ಕಳೂ ಬಳಸುವಂಥ ರಗ್ಬಿ ಮೈದಾನಗಳಿಗೆ ಸಹಾಯ. ಹೆಣ್ಣುಮಕ್ಕಳು, ಕಾಡಂಚಿನವರು, ವಿಶೇಷ ಚೇತನರು, ಎಲ್ಲರೂ ಭಾಗವಹಿಸುವ ಕಡೆಗೆ ಆದ್ಯತೆ. ಒಳ್ಳೆಯ ಯೋಜನೆ. ಅದರಲ್ಲಿ ದೋಷ ಹುಡುಕಲು ನನಗೆ ಇವತ್ತಿಗೂ ಆಗುವುದಿಲ್ಲ. ಮುಖ್ಯ ಶಿಕ್ಷಕರು ಫಾರಂ ನನ್ನ ಕೈಗಿಟ್ಟು, "ನೀವೇ ಬರೀರಿ, ನಿಮ್ಮದೇ ಆಟ" ಎಂದರು. ಬರೆದು ಕೊಳ್ಳೇಗಾಲದ ಕಚೇರಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಹಾಳೆ ತಿರುವಿ, ಒಂದು ಕಾಲಮ್ಮಿನ ಮೇಲೆ ಪೆನ್ನಿಟ್ಟರು.

"ಇದೊಂದ್ ಖಾಲಿ ಬುಟ್ಟಿದ್ದೀರಲ್ಲ ಮೇಡಂ. ಅಂಗವಿಕಲರು ಯಾರೂ ಇಲ್ವಾ? ಒಂದೆಸ್ರಾದ್ರೂ ಬೇಕು ಕಣ್ರಿ. ಇಲ್ದಿದ್ರೆ ಮೇಲ್ಗಡೆ ಓಗಾದೇ ಇಲ್ಲ ಇದು."

ಅವರ ಮೇಜಿನ ಮುಂದೆ ನಿಂತೇ ಅವಳ ಹೆಸರು ಬರೆದೆ. ಹೆಸರೊಂದೇ ಸಾಲದು, ಎರಡು ಸಾಲಿನ ವಿವರಣೆಯೂ ಬೇಕೆಂದರು. "ಸದರಿ ಬಾಲಕಿಯು ಶ್ರವಣದೋಷದ ಕಾರಣ ಆಟದಲ್ಲಿ ಭಾಗವಹಿಸಲು ಅಸಮರ್ಥಳಾಗಿದ್ದು, ಸೌಲಭ್ಯ ದೊರೆತಲ್ಲಿ ಆಕೆಗೂ ಅವಕಾಶ ಕಲ್ಪಿಸಲಾಗುವುದು." ಇದು ನನ್ನ ಅಕ್ಷರ, ನನ್ನ ವಾಕ್ಯ. ಅವಳು ಅಷ್ಟು ಹೊತ್ತಿಗೆ ಎರಡು ವರ್ಷದಿಂದ ನನ್ನ ತಂಡದ ಅತ್ಯುತ್ತಮ ಆಟಗಾರ್ತಿ. ಸುಳ್ಳು ಬರೆಯುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಚೇರಿಯ ಭಾಷೆ ಹಾಗೇ ಇರುತ್ತದೆ, ಇಲ್ಲದ್ದನ್ನು ತೋರಿಸಿದರೇ ಏನಾದರೂ ಕೊಡುವುದು ಎಂದು ಸಮಾಧಾನ ಹೇಳಿಕೊಂಡೆ. ಕಲ್ಲು ಆರಿಸಿ ಆರಿಸಿ ನನಗೂ ಸಾಕಾಗಿತ್ತು.

ಹೆಸರಿನ ಜೊತೆ ಅಂಗವಿಕಲತೆಯ ಪ್ರಮಾಣಪತ್ರ ಬೇಕಾಯಿತು. ಅವಳಿಗೆ ಇರಲಿಲ್ಲ. ಅವಳ ಮನೆಗೆ ಹೋದೆ. ತಾಯಿ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ವಿಷಯ ಕೇಳಿ, "ಸರ್ಟಿಪಿಕೇಟ್ ಯಾಕೆ ಮೇಡಮ್ಮೋರೆ? ಅದು ಚೆಂದಾಗೇ ಅದಲ್ಲ" ಎಂದಳು. ಮೈದಾನಕ್ಕೆ ಎಂದೆ. ಮಕ್ಕಳೆಲ್ಲರಿಗೂ ಒಳ್ಳೆಯದಾಗುತ್ತದೆ ಎಂದೆ. ಮೇಡಮ್ಮು ಹೇಳಿದ ಮೇಲೆ ಮುಗಿಯಿತು, ಎದ್ದು ಸೀರೆ ಕೊಡವಿಕೊಂಡಳು. ತಾಯಿ, ಮಗಳು, ನಾನು ಆಸ್ಪತ್ರೆಗೆ ಹೋದೆವು. ಕಿವಿಗೆ ಏನೋ ಸಿಕ್ಕಿಸಿ ಗಾಜಿನ ಕೋಣೆಯಲ್ಲಿ ಕೂರಿಸಿದಾಗ ಹುಡುಗಿ ನಮ್ಮತ್ತ ನೋಡಿ ನಗುತ್ತಿದ್ದಳು. ಅವಳಿಗೆ ನಾನು ಏನನ್ನೂ ವಿವರಿಸಿರಲಿಲ್ಲ. ಪರಂಗಿಕಾಯಿಯ ಆಕಾರ ತೋರಿಸಿ, ಎರಡು ಕೈ ಅಗಲಿಸಿ, ದೊಡ್ಡ ಮೈದಾನ ಬರುತ್ತದೆ ಎಂದು ಸನ್ನೆ ಮಾಡಿದ್ದೆ ಅಷ್ಟೇ.

ಅನುದಾನ ಮಂಜೂರಾಯಿತು. ನಾಲ್ಕೈದು ತಿಂಗಳು ಜೆಸಿಬಿ, ಟ್ರ್ಯಾಕ್ಟರು, ಸಿಮೆಂಟಿನ ಧೂಳು. ಕಲ್ಲೆಲ್ಲ ಹೋಯಿತು. ಆ ದಿನಗಳಲ್ಲಿ ನಾವು ರಸ್ತೆ ಬದಿಯ ಖಾಲಿ ಹೊಲದಲ್ಲಿ ಆಡಿಕೊಂಡೆವು. ಕಾಂಪೌಂಡು ಏಳುವುದನ್ನು ಹುಡುಗಿಯರು ಬೆರಳಲ್ಲಿ ಗೇಣು ಹಾಕಿ ಅಳೆಯುತ್ತಿದ್ದರು.

ಉದ್ಘಾಟನೆಯ ದಿನ ಬೆಳಿಗ್ಗೆಯೇ ಶಾಮಿಯಾನ ಬಂತು. ಪ್ರದರ್ಶನಕ್ಕೆ ಒಂದು ಆಟ ಇಟ್ಟುಕೊಂಡಿದ್ದೆವು, ಎದುರಿಗೆ ಯಳಂದೂರಿನ ಅದೇ ತಂಡ. ನಮ್ಮವರಿಗೆ ಹೊಸ ಜರ್ಸಿ ಬಂದಿತ್ತು. ಅವಳು ತನ್ನದನ್ನು ಹಿಂದಿನ ದಿನವೇ ತೊಟ್ಟು ಮನೆಗೆ ಹೋಗಿದ್ದಳೆಂದು ಜೊತೆಯವರು ಹೇಳಿ ನಗುತ್ತಿದ್ದರು. ಅತಿಥಿಗಳ ಜೊತೆ ಬಂದಿದ್ದ ಒಬ್ಬ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, ಅರ್ಜಿಯಲ್ಲಿದ್ದ ಮಗು ಯಾರು ಎಂದು ಕೇಳಿದರು. ತೋರಿಸಿದೆ.

"ಅವಳನ್ನ ಮುಂದಿನ ಸಾಲಲ್ಲಿ ಕೂರಿಸಿ. ಸನ್ಮಾನ ಇದೆ, ಫೋಟೋ ಇದೆ."

"ಸನ್ಮಾನ ಆದ್ಮೇಲೆ ಆಡಕ್ಕೆ ಕಳಿಸ್ತೀನಿ ಸಾರ್."

ಅವರು ನನ್ನ ಮುಖ ನೋಡಿದರು. ಒರಟು ಮನುಷ್ಯರಲ್ಲ, ಮೆಲ್ಲಗೇ ಹೇಳಿದರು. "ಆಡೋಕಾಗಲ್ಲ ಅಂತ ನೀವೇ ಬರೆದಿದ್ದೀರಲ್ಲ ಮೇಡಂ. ಇವತ್ತು ಇಷ್ಟು ಜನರ ಮುಂದೆ ಆಡ್ಸಿದ್ರೆ ಏನು ಉತ್ತರ ಕೊಡೋದು? ಬಿದ್ದು ಏಟಾದ್ರೆ? ಇವತ್ತೊಂದು ದಿನ ಕೂತ್ಕೊಳ್ಳಲಿ."

ಅಲ್ಲಿ ನಾನು ಬಾಯಿ ಬಿಡಬಹುದಿತ್ತು. ಬರೆದದ್ದು ಸುಳ್ಳು, ಈ ಹುಡುಗಿ ಇಲ್ಲದಿದ್ದರೆ ನಮಗೆ ಆಟವೇ ಇಲ್ಲ ಎನ್ನಬಹುದಿತ್ತು. ಅಂದಿದ್ದರೆ ಏನಾಗುತ್ತಿತ್ತು? ಮೈದಾನವನ್ನು ಹೊತ್ತುಕೊಂಡು ಹೋಗುತ್ತಿದ್ದರೇ? "ಆಯ್ತು ಸಾರ್" ಎಂದೆ. ಅವಳ ಜಾಗಕ್ಕೆ ಒಂಬತ್ತನೇ ತರಗತಿಯ ಹುಡುಗಿಯನ್ನು ಇಳಿಸಿದೆ. ನಮ್ಮ ಹುಡುಗಿಯ ಹತ್ತಿರ ಹೋಗಿ ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಒತ್ತಿ ತೋರಿಸಿದೆ. ಕೂತುಕೋ. ಅವಳು ಕೂತಳು. ಇನ್ನೇನು ಕರೆಯುತ್ತಾರೆ ಎಂಬಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ಜರ್ಸಿಯ ಮೇಲೆ ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಮೈಕಿನಲ್ಲಿ ನಾನು ಬರೆದ ಆ ಎರಡು ಸಾಲು ಓದಿದರು, ಅವಳ ಬಗ್ಗೆ ಹೇಳುವಾಗ "ಪಾಪ" ಎಂಬ ಮಾತು ಎಷ್ಟೋ ಸಲ ಬಂತು. ಅದು ಅವಳಿಗೆ ಕೇಳಲಿಲ್ಲ. ಶಾಮಿಯಾನದ ಹಿಂದೆ ನಿಂತಿದ್ದ ಅವಳ ತಾಯಿಗೆ ಕೇಳಿತು.

ಆಮೇಲೆ ಆಟ. ಎಡಗಡೆಯವಳು ಎಡಕ್ಕೆ ಓಡಿದಳು, ಬಲಗಡೆಯವಳು ಬಲಕ್ಕೆ ಓಡಿದಳು. ನಡುವೆ ಇಳಿಸಿದ್ದ ಹುಡುಗಿ ಎಲ್ಲಿರಬೇಕೆಂದು ತಿಳಿಯದೆ ಹಿಂದೆಲ್ಲೋ ಉಳಿದಳು. ಸ್ವಲ್ಪ ಹೊತ್ತಿನಲ್ಲಿ ಎಡಗಡೆಯವಳ ಕೈಗೆ ಚೆಂಡು ಬಂತು, ಎದುರಿನವಳು ತಬ್ಬಲು ಬಂದಳು, ಇವಳು ಅಭ್ಯಾಸದಂತೆ ನೋಡದೆ ನಡುವಿಗೆ ಬಿಟ್ಟಳು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಬಿದ್ದು, ಪುಟಿದು, ಗೆರೆ ದಾಟಿ ಹೋಗಿ ಹೊಸ ಚರಂಡಿಗೆ ಬಿತ್ತು. ಚೆಂಡು ಅವಳ ಕೈ ಬಿಟ್ಟ ಗಳಿಗೆಯಲ್ಲೇ ಮುಂದಿನ ಸಾಲಿನ ಕುರ್ಚಿಯಿಂದ ನಮ್ಮ ಹುಡುಗಿ ಎದ್ದು ನಿಂತಿದ್ದಳು, ಎರಡೂ ಕೈ ಮುಂದೆ ಚಾಚಿ. ಬುಟ್ಟಿ ಉರುಳಿ ಮೂಸಂಬಿ ಚೆಲ್ಲಿದವು. ಹಿಂದೆ ಕೂತಿದ್ದ ಯಾರೋ ಹಿರಿಯರು ಅಕ್ಕರೆಯಿಂದಲೇ ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದರು. ಅವಳು ನನ್ನತ್ತ ನೋಡಿದಳು. ನಾನು ಸೀಟಿ ಊದಿ ಆಟ ಮುಂದುವರಿಸಿದೆ.

ಮಾರನೇ ದಿನ ಜರ್ಸಿ ಒಗೆದು, ಮಡಿಸಿ, ಜೊತೆಯ ಇಬ್ಬರ ಕೈಲಿ ಕಳಿಸಿದ್ದಳು. ಆ ಇಬ್ಬರೂ ತಮ್ಮವನ್ನು ಅದರ ಮೇಲೆಯೇ ಇಟ್ಟು ಹೋದರು. ಮೂರು ದಿನ ಕಾದು ಅವಳ ಮನೆಗೆ ಹೋದೆ. ಹುಡುಗಿ ಜಗುಲಿಯಲ್ಲಿ ಕೂತು ಓದುತ್ತಿದ್ದಳು. ಚೆಂಡಿನ ಸನ್ನೆ ಮಾಡಿ ಬಾ ಎಂದೆ. ಅವಳು ಸಿಟ್ಟಾಗಲಿಲ್ಲ. ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಒತ್ತಿ, ನಾನು ತೋರಿಸಿದ ಸನ್ನೆಯನ್ನೇ ನನಗೆ ತೋರಿಸಿ, ಪುಸ್ತಕದ ಕಡೆ ತಿರುಗಿದಳು. ತಾಯಿ ಒಳಗಿನಿಂದ ಬಂದು ನೀರು ಕೊಟ್ಟಳು.

"ಅದ್ಕೆ ಕಿವಿ ಕೇಳಲ್ಲ ಅಂತ ನಂಗೆ ಗೊತ್ತಿತ್ತು ಮೇಡಮ್ಮೋರೆ," ಎಂದಳು. "ಅದ್ರ ಕೈಲಾಗಲ್ಲ ಅಂತ ಗೊತ್ತಿರ್ಲಿಲ್ಲ. ನೀವು ಬರ್ಕೊಟ್ಟ ಮ್ಯಾಕೆ ಗೊತ್ತಾಯ್ತು."

ಬರೆದದ್ದು ಸುಳ್ಳಮ್ಮಾ, ಮೈದಾನಕ್ಕಾಗಿ ಬರೆದೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಮೇಡಮ್ಮು ಸೀಲು ಹಾಕಿಸಿ, ಡಾಕ್ಟರ ಹತ್ತಿರ ಹೋಗಿ, ಸರ್ಕಾರಕ್ಕೆ ಕೊಟ್ಟ ಕಾಗದ ಸುಳ್ಳಿರಲು ಸಾಧ್ಯ ಎಂಬುದು ಅವಳ ತಲೆಗೆ ಹೋಗಲಿಲ್ಲ. ಆ ಕಾಗದಕ್ಕಿಂತ ನನ್ನ ಮಾತು ದೊಡ್ಡದಾಗಲಿಲ್ಲ. ನೀರು ಕುಡಿದು ಬಂದೆ. ದಾರಿಯಲ್ಲಿ ಅಳು ಬರಬಹುದು ಎಂದುಕೊಂಡೆ, ಬರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಹುಣಸೆ ಹಣ್ಣಿನ ಬಗ್ಗೆ ಏನೋ ಕೇಳಿದರು, ಉತ್ತರವನ್ನೂ ಕೊಟ್ಟೆ.

ಗೇಟಿನ ಪಕ್ಕ ಬೋರ್ಡು ಹಾಕಿಸಿದ್ದಾರೆ. ಮೇಲೆ "ಎಲ್ಲರಿಗೂ ಆಟ" ಎಂದಿದೆ, ಕೆಳಗೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತ ಅವಳ ಫೋಟೋ. ಶಾಲೆಗೆ ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ ಅವಳು ಅದನ್ನು ದಾಟಬೇಕು. ತೆಗೆಸಿ ಎಂದು ಎರಡು ಸಲ ಪತ್ರ ಬರೆದೆ, ಹಾಗೆ ತೆಗೆಯಲು ಬರುವುದಿಲ್ಲವಂತೆ. ವರದಿ ಕಳಿಸುವಾಗ ಆ ಕಾಲಮ್ಮಿನಲ್ಲಿ ಈಗಲೂ "ಒಂದು" ಎಂದೇ ಬರೆಯುತ್ತೇನೆ. ಬೇರೆ ಊರುಗಳಿಂದ ಹೊಸ ಹುಡುಗಿಯರು ಬರುತ್ತಾರೆ. ಒಳ್ಳೆಯ ಮಕ್ಕಳು. ಇಲ್ಲಿದ್ದೀನಿ, ಕೊಡು ಎಂದು ಗಟ್ಟಿಯಾಗಿ ಕೂಗಿ ಆಡುತ್ತಾರೆ, ಗೆಲ್ಲುತ್ತಾರೆ ಕೂಡ. ಯಾರಿಗೂ ಮಂಡಿ ತರಚುವುದಿಲ್ಲ.

ಮೊನ್ನೆ ಪರೀಕ್ಷೆಗೆ ರಜೆ ಬಿಡುವ ದಿನ, ಹತ್ತನೆಯವರಿಗೆ ಶಾಲೆಯ ಕೊನೆಯ ದಿನ. ಸಂಜೆ ಗೇಟು ತೆಗೆಯುತ್ತಿದ್ದೆ. ಮೂವರೂ ರಸ್ತೆಯಲ್ಲಿ ಹೋಗುತ್ತಿದ್ದರು. ಎಡಕ್ಕೊಬ್ಬಳು, ಬಲಕ್ಕೊಬ್ಬಳು, ನಡುವೆ ಅವಳು. ಏನನ್ನಿಸಿತೋ, ಕೋಣೆಯಿಂದ ಹಳೆಯ ಪರಂಗಿಕಾಯಿಯನ್ನು ತೆಗೆದುಕೊಂಡು, ಅದನ್ನು ಅವಳಿಗೇ ಕೊಟ್ಟುಬಿಡೋಣವೆಂದು ಹಿಂದೆ ಓಡಿದೆ. ನನಗೀಗ ಅಷ್ಟು ಓಡಲಾಗುವುದಿಲ್ಲ. ನಿಂತು ಕೂಗಿದೆ.

ಎಡಗಡೆಯವಳು ತಿರುಗಿದಳು. ನನ್ನನ್ನು ನೋಡಿದಳು, ಚೆಂಡನ್ನೂ ನೋಡಿದಳು. ಮುಂದಕ್ಕೆ ತಿರುಗಿಕೊಂಡು ಅವಳ ಮೊಣಕೈ ಅದುಮಿದಳು. ಒಂದು ಸಲ. ಇನ್ನೊಂದು ಸಲ.

ನಡುವಿನವಳು ತಿರುಗಿ ನೋಡಲಿಲ್ಲ, ಓಡಲೂ ಇಲ್ಲ. ಮೂವರೂ ಬಿರಬಿರನೆ ನಡೆದುಕೊಂಡು ಹೋದರು. ರಸ್ತೆ ತಿರುಗುವವರೆಗೆ ನಾನು ಚೆಂಡು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆಮೇಲೆ ಬಂದು ಅದನ್ನು ಕೋಣೆಯಲ್ಲಿಟ್ಟು, ಆಡಲು ಬಂದಿದ್ದ ಮಕ್ಕಳಿಗೆ ಸೀಟಿ ಊದಿದೆ.